ಒಂದು ಡಬರಿ, ಒಂದು ಜಾತಕ ಮತ್ತು ಇಂಗ್ಲಿಷಿನ ಏಳು ಕ್ರಿಯಾಪದಗಳು

ಹಿಂತಿರುಗುವುದು ಮತ್ತು ಹಿಂತಿರುಗಿಸುವುದು ಎಂಬ ಎರಡು ಸಾಮಾನ್ಯ ಕೆಲಸಗಳ ವಿಷಯದಲ್ಲಿ ಇಂಗ್ಲಿಷ್ ವ್ಯಾಕರಣಕಾರರು ಪೂರ್ತಿ ನಿಜವನ್ನು ಹೇಳಿಲ್ಲವೆಂಬ ಅನುಮಾನ ನನಗೆ ಬಂದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಆ ನಿಜವನ್ನು ಹೊರಗೆಳೆಯಲು ನನ್ನಷ್ಟು ಯೋಗ್ಯನಾದ ಮನುಷ್ಯ ಮೈಸೂರು ನಗರದಲ್ಲಿ ಬೇರೊಬ್ಬನಿಲ್ಲವೆಂಬ ನಂಬಿಕೆಯೂ ಅದೇ ದಿನ ಬಂದಿತು. ಅನುಮಾನ ಇಂದಿಗೂ ಇದೆ. ನಂಬಿಕೆ ಆರು ತಿಂಗಳು ಬಾಳಿ, ಒಂದು ಮಂಗಳವಾರ ತೀರಿಕೊಂಡಿತು.

ನನ್ನ ಯೋಗ್ಯತೆಯನ್ನು ಮೊದಲು ಅರಿಕೆ ಮಾಡುತ್ತೇನೆ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ ಮೂರನೆಯ ತರಗತಿ. ಅಪ್ಪನ ಹೊಲ ಅಣ್ಣಂದಿರಿಗೇ ಸಾಲದೆ ಇದ್ದುದರಿಂದ ಮೈಸೂರಿಗೆ ಬಂದು ಗಡಿಯಾರ ರಿಪೇರಿ ಕಲಿತೆ. ಅಗ್ರಹಾರದ ಒಂದು ಮೂಲೆಯಲ್ಲಿ, ಕೈಚಾಚಿದರೆ ಎರಡೂ ಗೋಡೆ ಮುಟ್ಟುವಂಥ ಅಂಗಡಿಯಲ್ಲಿ ಮೂವತ್ತು ವರ್ಷ ಕುಳಿತೆ. ಇಂಗ್ಲಿಷನ್ನು ಅಲ್ಲಿಯೇ ಕಲಿತದ್ದು. ಗಡಿಯಾರದ ಬಿಡಿಭಾಗಗಳನ್ನು ಸುತ್ತಿಕೊಂಡು ಬರುತ್ತಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯ ಚೂರುಗಳೇ ನನ್ನ ಪಠ್ಯಪುಸ್ತಕ. ಅವು ಹರಿದ ಚೂರುಗಳಾದ್ದರಿಂದ ಬಹಳಷ್ಟು ಇಂಗ್ಲಿಷ್ ವಾಕ್ಯಗಳ ನಡುಭಾಗ ನನಗೆ ಚೆನ್ನಾಗಿ ಗೊತ್ತು. ಮೊದಲೂ ಕೊನೆಯೂ ಅಷ್ಟಾಗಿ ಪರಿಚಯವಿಲ್ಲ.

ಗಡಿಯಾರದ ಕಸಬು ಮನುಷ್ಯನಿಗೆ ಒಂದು ಗುಣವನ್ನು ಕಲಿಸುತ್ತದೆ. ಮುಖದ ಮೇಲೆ ಏನು ಬರೆದಿದೆಯೋ ಅದನ್ನು ನಂಬಬಾರದು, ಮುಚ್ಚಳ ಬಿಚ್ಚಿ ನೋಡಬೇಕು. ನಾನು ಎಲ್ಲದರ ಮುಚ್ಚಳವನ್ನೂ ಬಿಚ್ಚಿ ನೋಡಿದವನು. ಪಂಚಾಂಗವನ್ನು ಬಿಚ್ಚಿದ್ದೇನೆ, ವೈದ್ಯರ ಚೀಟಿಯನ್ನು ಬಿಚ್ಚಿದ್ದೇನೆ, ಸರ್ಕಾರದ ಪ್ರಕಟಣೆಯನ್ನು ಬಿಚ್ಚಿದ್ದೇನೆ. ಮತ್ತೆ ಜೋಡಿಸುವುದು ಕೆಲವು ಸಲ ಆಗಿಲ್ಲ. ಅದು ಬೇರೆ ವಿಷಯ.

ನಮ್ಮದು ಅಗ್ರಹಾರದ ಹಿಂದಿನ ಗಲ್ಲಿಯ ಒಂದು ವಠಾರ. ಒಂದೇ ಅಂಗಳಕ್ಕೆ ಎಂಟು ಮನೆಗಳ ಬಾಗಿಲು. ನಮ್ಮ ಪಕ್ಕದ ಮನೆಯಲ್ಲಿ ಅಂತೋಣಪ್ಪ ಮೇಷ್ಟ್ರಿದ್ದರು. ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಪ್ರತಿ ಭಾನುವಾರ ಚರ್ಚಿನಿಂದ ಬಂದು ಕೋಟು ಬಿಚ್ಚಿಟ್ಟು ನನ್ನ ಜಗಲಿಯ ಮೇಲೆ ಕುಳಿತುಕೊಳ್ಳುತ್ತಿದ್ದರು. ಅಂಥ ಒಂದು ಭಾನುವಾರ ನನ್ನ ಒಂದು ವಾಕ್ಯವನ್ನು ತಿದ್ದಿದರು.

"ಗೌಡ್ರೇ, 'ರಿಟರ್ನ್ ಟು ಮೈಸೂರ್' ಅನ್ನೋದು ಸರಿ. ಆದ್ರೆ ಮನೆಗೆ ಅನ್ನೋವಾಗ 'ಟು' ಹಾಕ್ಬಾರ್ದು. 'ರಿಟರ್ನ್ ಹೋಮ್' ಅಷ್ಟೇ."

"ಮೈಸೂರಿಗೆ ಬೇಕಾದ್ದು ಮನೆಗೆ ಯಾಕೆ ಬೇಡ?"

"ಅದು ಹಂಗೇ."

"ಮನೆ ಮೈಸೂರಲ್ಲೇ ಇದ್ರೆ?"

"ಆಗ್ಲೂ ಹಂಗೇ ಕಣ್ರೀ."

'ಅದು ಹಂಗೇ' ಎಂಬ ಉತ್ತರವನ್ನು ನಾನು ಜೀವಮಾನದಲ್ಲಿ ಯಾರಿಂದಲೂ ಸ್ವೀಕರಿಸಿದವನಲ್ಲ. ಗಡಿಯಾರ ಏಕೆ ನಿಂತಿದೆಯೆಂದು ಗಿರಾಕಿ ಕೇಳಿದಾಗ 'ಅದು ಹಂಗೇ' ಎಂದು ನಾನು ಹೇಳಿದ್ದರೆ ನನ್ನ ಅಂಗಡಿ ಎಷ್ಟು ದಿನ ನಡೆಯುತ್ತಿತ್ತು? ಅಂದೇ ಸಂಜೆ ಒಂದು ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು ಕೋಷ್ಟಕವೊಂದನ್ನು ಆರಂಭಿಸಿದೆ. ಮೇಲ್ಗಡೆ ಏಳು ಕ್ರಿಯಾಪದಗಳು: ರಿಟರ್ನ್, ಗೋ ಬ್ಯಾಕ್, ಕಮ್ ಬ್ಯಾಕ್, ಗಿವ್ ಬ್ಯಾಕ್, ಸೆಂಡ್ ಬ್ಯಾಕ್, ಬ್ರಿಂಗ್ ಬ್ಯಾಕ್, ಟೇಕ್ ಬ್ಯಾಕ್. ಎಡಗಡೆ ನಾಮಪದಗಳು. ಇವೆರಡೂ ಸೇರುವ ಚೌಕದಲ್ಲಿ 'ಟು' ಬೇಕೋ, 'ಫ್ರಮ್' ಬೇಕೋ, ಏನೂ ಬೇಡವೋ ಎಂಬ ತೀರ್ಮಾನ. ಉಪಸರ್ಗವೆಂಬುದು ಗಡಿಯಾರದ ಅತಿ ಚಿಕ್ಕ ತಿರುಪಿನಂತೆ. ಎಲ್ಲಿ ಹಾಕಬೇಕೆಂದು ತಿಳಿಯದಿದ್ದರೆ ಕೊನೆಯಲ್ಲಿ ಅಂಗೈಯಲ್ಲಿ ಉಳಿಯುತ್ತದೆ. ಆರು ತಿಂಗಳಲ್ಲಿ ಕೋಷ್ಟಕ ಹದಿನಾಲ್ಕು ಹಾಳೆಗೆ ಬೆಳೆದು ಗ್ರಂಥವೆನ್ನಿಸಿಕೊಂಡಿತು. ಹಾಗೆನ್ನುತ್ತಿದ್ದವನು ನಾನೊಬ್ಬನೇ.

ಇನ್ನೊಂದು ಭಾನುವಾರ ಮೇಷ್ಟ್ರು ಆ ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕಿ ಕನ್ನಡಕ ತೆಗೆದರು.

"ಚೆನ್ನಾಗಿದೆ ಗೌಡ್ರೇ. ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಕೇಳಿ ಮೇಷ್ಟ್ರೇ."

"ನನ್ನ ಗ್ರಾಮರ್ ಪುಸ್ತಕ ನೀವು ತಗೊಂಡು ಮೂರು ವರ್ಷ ಆಯ್ತು. ವಾಪಸ್ ಕೊಡೋದರ ಮೇಲೆ ಹದಿನಾಲ್ಕು ಹಾಳೆ ಬರೆದಿದ್ದೀರಿ. ನಿಮ್ಮ ಜೀವಮಾನದಲ್ಲಿ ಏನಾದ್ರೂ ವಾಪಸ್ ಕೊಟ್ಟಿದ್ದೀರಾ?"

ನನ್ನ ಹೆಂಡತಿ ಪುಟ್ಟಮ್ಮ ಒಳಗಿನಿಂದ ನಕ್ಕಳು. ಅದು ಕೇಳಿಸಬಾರದೆಂದು ಅವಳು ಯಾವ ಪ್ರಯತ್ನವನ್ನೂ ಮಾಡಲಿಲ್ಲ.

ಮಾತು ನಾಟಿತು. ಅವಮಾನಕ್ಕಿಂತ ಹೆಚ್ಚಾಗಿ ಅದರಲ್ಲಿ ಒಂದು ಶಾಸ್ತ್ರೀಯ ಸತ್ಯ ನನಗೆ ಕಂಡಿತು. ರಿಪೇರಿ ಮಾಡಿದ ಗಡಿಯಾರವನ್ನು ಮೇಜಿನ ಮೇಲೆ ಎರಡು ದಿನ ಓಡಿಸಿ ನೋಡದೆ ನಾನು ಗಿರಾಕಿಗೆ ಕೊಡುವುದಿಲ್ಲ. ಹಾಗಿರುವಾಗ ವಾಕ್ಯಗಳನ್ನು ಓಡಿಸಿ ನೋಡದೆ ಗ್ರಂಥವನ್ನು ಹೇಗೆ ಮುಗಿಸುವುದು? ನಿಜವಾದ ವಸ್ತುವನ್ನು ನಿಜವಾದ ಮನುಷ್ಯನಿಗೆ ನಿಜವಾಗಿ ಹಿಂತಿರುಗಿಸುತ್ತ ವಾಕ್ಯವನ್ನು ಉಚ್ಚರಿಸಬೇಕು. ಉಪಸರ್ಗ ಬೇಕೋ ಬೇಡವೋ ಎಂಬುದು ಆಗ ಬಾಯಿಗೇ ತಿಳಿಯುತ್ತದೆ. ಪ್ರಯೋಗಕ್ಕೆ ಅನುಕೂಲವೂ ಒದಗಿ ಬಂತು. ಮರುದಿನ ಪುಟ್ಟಮ್ಮ ತನ್ನ ತಮ್ಮನ ಮಗುವಿನ ನಾಮಕರಣಕ್ಕೆ ನರಸೀಪುರದ ಕಡೆಯ ತವರಿಗೆ ಹೊರಟಳು.

ಹೊರಡುವಾಗ ಹೊಸ್ತಿಲ ಮೇಲೆ ನಿಂತು ಹೇಳಿದಳು: "ಏನ್ರೀ, ದೇವರ ಪಟದ ಹಿಂದೆ ಆ ಹುಡುಗನ ಜಾತಕ ಇಟ್ಟಿದ್ದೀನಿ. ಜೋಯಿಸರು ಕೂಡಿಬರುತ್ತೆ ಅಂದವ್ರೆ. ಗುರುವಾರ ಬಂದ್ಬುಡ್ತೀನಿ. ಶುಕ್ರವಾರ ಹೂವು ಹಣ್ಣು ಇಟ್ಕೊಂಡು ಇಬ್ರೂ ಹೋಗಿ ಒಪ್ಪಿಗೆ ಅಂತ ಹೇಳೋಣ. ಅಲ್ಲೀಗಂಟ ನೀವೇನೂ ಮಾಡ್ಬೇಡಿ."

"ನಾನೇನು ಮಾಡ್ತೀನಿ?"

"ಅದಕ್ಕೇ ಹೇಳಿದ್ದು."

ಹುಡುಗ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಚಾಮರಾಜಪುರಂ. ತಂದೆ ಬೋರೇಗೌಡರು ರೆವಿನ್ಯೂ ಇಲಾಖೆಯಲ್ಲಿ ಶೇಕದಾರರಾಗಿ ನಿವೃತ್ತರಾದವರು. ನಮ್ಮ ಮಗಳು ಸರೋಜ ಆಗ ಉಪಾಧ್ಯಾಯಿನಿಯರ ತರಬೇತಿಗೆ ಹೋಗುತ್ತಿದ್ದಳು. ಹುಡುಗ ಬಂದು ನೋಡಿ ಹೋದ ದಿನ ಅವಳನ್ನು ಕೇಳಿದ್ದಕ್ಕೆ "ನಿಮ್ಮಿಷ್ಟ ಅಪ್ಪ" ಎಂದು ಒಳಗೆ ಹೋದಳು. ಆಮೇಲೆ ಸಂಜೆಯವರೆಗೆ ಪಾತ್ರೆ ತೊಳೆಯುತ್ತ ಹಾಡು ಗುನುಗುತ್ತಿದ್ದಳು. ಅವಳು ತಾನಾಗಿ ಪಾತ್ರೆ ತೊಳೆದದ್ದನ್ನು ನಾನು ಕಂಡದ್ದು ಅಂದೇ. ಮನೆಯಲ್ಲಿ ಯಾರಿಗೂ ಬೇರೆ ವಿವರಣೆ ಬೇಕಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ಸರೋಜ ತರಬೇತಿಗೆ ಹೋದ ಮೇಲೆ ನಾನು ಅಂಗಡಿಗೆ ರಜೆ ಘೋಷಿಸಿ, ಮನೆಯಲ್ಲಿ ನಮ್ಮದಲ್ಲದ ವಸ್ತುಗಳನ್ನು ಹುಡುಕತೊಡಗಿದೆ. ಹುಡುಕಿದಷ್ಟೂ ಸಿಕ್ಕಿದವು. ಅಡುಗೆಮನೆಯ ಅರ್ಧ ಬೇರೆಯವರದು. ನಾವು ದಿನವೂ ಸಾರು ಬಡಿಸಿಕೊಳ್ಳುತ್ತಿದ್ದ ಸೌಟು ಎದುರುಮನೆಯ ಗೌರಮ್ಮನವರದು. ಜರಡಿ ಮೂಲೆಮನೆಯದು. ಏಣಿ ಕೊನೆಯ ಮನೆಯದು. ನನ್ನದೆಂದೇ ನಾನು ಆರು ಮಳೆಗಾಲ ಹಿಡಿದು ಓಡಾಡಿದ ಛತ್ರಿಯ ಹಿಡಿಯ ಮೇಲೆ ಮತ್ತೊಬ್ಬರ ಹೆಸರಿನ ಮೊದಲಕ್ಷರವಿತ್ತು. ಇಷ್ಟು ನಾಮಪದಗಳು ಮನೆಯಲ್ಲೇ ಇದ್ದವೆಂದು ತಿಳಿದು ನನಗೆ ಹರ್ಷವಾಯಿತು.

ಮೊದಲು ಮೇಷ್ಟ್ರ ಬಾಗಿಲು. ಗ್ರಾಮರ್ ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದು ವಾಕ್ಯವನ್ನು ಗಟ್ಟಿಯಾಗಿ ಉಚ್ಚರಿಸಿದೆ. ಮೇಷ್ಟ್ರು ಪುಸ್ತಕವನ್ನೂ ನನ್ನನ್ನೂ ನೋಡಿದರು. "ಗೌಡ್ರೇ, ನಾನು ತಮಾಷೆಗೆ ಅಂದಿದ್ದು" ಎಂದರು. "ಶಾಸ್ತ್ರದಲ್ಲಿ ತಮಾಷೆ ಇಲ್ಲ" ಎಂದು ಹೇಳಿ ಬಂದೆ. ಅವರು ಬಾಗಿಲಲ್ಲೇ ನಿಂತಿದ್ದರು.

ಎರಡನೆಯದು ಗೌರಮ್ಮನವರ ಬಾಗಿಲು. ಸೌಟು, ಎರಡು ಪಾತ್ರೆ, ಒಂದು ಮುಚ್ಚಳ. ಎಲ್ಲವನ್ನೂ ನಾನೇ ಬೂದಿ ಹಾಕಿ ಬೆಳಗಿದ್ದೆ. ಮುಂದಿಟ್ಟು, "ಐ ಗಿವ್ ಬ್ಯಾಕ್ ದೀಸ್ ವೆಸೆಲ್ಸ್ ಟು ಯೂ" ಎಂದೆ. 'ಟು' ಬೇಕೆಂದು ಬಾಯಿಗೆ ಸ್ಪಷ್ಟವಾಗಿ ತಿಳಿಯಿತು.

ಗೌರಮ್ಮನವರಿಗೆ ಇಂಗ್ಲಿಷ್ ಬಾರದು. ನಮ್ಮ ವಠಾರದಲ್ಲಿ ಗಂಡಸರು ಇಂಗ್ಲಿಷ್ ಆಡುತ್ತಿದ್ದುದು ಬಹಳ ಸಿಟ್ಟು ಬಂದಾಗ ಮಾತ್ರ. ಅವರು ಪಾತ್ರೆಗಳೊಳಗೆ ಇಣುಕಿದರು.

"ಏನಣ್ಣಯ್ಯ ಇದು, ಬರೀ ಪಾತ್ರೆ?"

"ಹೌದಮ್ಮ. ಚೆನ್ನಾಗಿ ತೊಳೆದಿದ್ದೀನಿ."

"ತೊಳೆದಿರೋದು ಕಾಣ್ತದೆ. ಬರೀ ಪಾತ್ರೆ ಯಾರಾದ್ರೂ ವಾಪಸ್ ಕೊಡ್ತಾರಾ? ಒಂದು ಚಿಟಿಕೆ ಸಕ್ಕರೆನಾರೂ ಹಾಕ್ಬಾರ್ದಾ? ಪುಟ್ಟಮ್ಮ ಒಂದ್ ದಿನ ಹಿಂಗ್ ಮಾಡ್ದೋಳಲ್ಲ. ನಮ್ಮಿಂದ ಏನಾದ್ರೂ ತಪ್ಪಾಗಿದ್ರೆ ಹೇಳ್ಬುಡಿ."

"ತಪ್ಪೇನೂ ಇಲ್ಲಮ್ಮ. ಇನ್ನು ಮೇಲೆ ನಿಮ್ಮದು ಅಂತ ನಮ್ಮ ಮನೆಯಲ್ಲಿ ಏನೂ ಇಲ್ಲ" ಎಂದು ಧೈರ್ಯ ಹೇಳಿದೆ. ಅವರಿಗೆ ಧೈರ್ಯ ಬಂದಂತೆ ಕಾಣಲಿಲ್ಲ.

ಹನ್ನೊಂದು ಗಂಟೆಯೊಳಗೆ ಏಳೂ ಮನೆಗಳಿಗೆ ಹಿಂತಿರುಗಿಸಿ, ಹತ್ತೊಂಬತ್ತು ನಾಮಪದಗಳನ್ನು ಕೋಷ್ಟಕಕ್ಕೆ ಏರಿಸಿದೆ. ಇಪ್ಪತ್ತು ಮುಟ್ಟಿಸಬೇಕೆಂಬ ಆಸೆಯಿಂದ ಮತ್ತೊಮ್ಮೆ ಮನೆಯನ್ನೆಲ್ಲ ಕಣ್ಣಾಡಿಸಿದಾಗ ಕಂಡದ್ದು ತೂಕವಾದ ಒಂದು ಹಿತ್ತಾಳೆ ಡಬರಿ. ಹುಡುಗನ ತಾಯಿ ಲಕ್ಷ್ಮಮ್ಮನವರು ಹಿಂದಿನ ವಾರ ಅದರಲ್ಲಿ ಕಜ್ಜಾಯ ಕಳಿಸಿದ್ದರು. ಕಜ್ಜಾಯ ಮುಗಿದು ಡಬರಿ ಉಳಿದಿತ್ತು. ಅದನ್ನೂ ಹಿಂತಿರುಗಿಸುವುದೆಂದು ನಿಶ್ಚಯಿಸಿದೆ. ಆದರೆ ಗೌರಮ್ಮನವರು ಕಲಿಸಿದ ಪಾಠವನ್ನು ನಾನು ಮರೆತಿರಲಿಲ್ಲ. ಕಲಿಯುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ. ಬರಿ ಪಾತ್ರೆಯನ್ನು ಹಿಂತಿರುಗಿಸಬಾರದು. ಒಳಗೆ ಏನಾದರೂ ಇರಬೇಕು. ಸಕ್ಕರೆಯ ಡಬ್ಬ ಎಲ್ಲಿದೆಯೋ ಪುಟ್ಟಮ್ಮನಿಗೇ ಗೊತ್ತು. ಸುತ್ತ ನೋಡಿದೆ. ದೇವರ ಪಟದ ಹಿಂದಿನಿಂದ ಹುಡುಗನ ಜಾತಕದ ಮೂಲೆಯೊಂದು ಇಣುಕುತ್ತಿತ್ತು. ಅದೂ ಅವರದೇ. ಜೋಯಿಸರು ನೋಡಿದ್ದೂ ಆಗಿತ್ತು. ಸುರುಳಿ ಸುತ್ತಿ ಡಬರಿಯೊಳಗಿಟ್ಟೆ. ಒಂದೇ ಪ್ರಯಾಣಕ್ಕೆ ಎರಡು ನಾಮಪದಗಳು, ಪಾತ್ರೆಯೂ ಬರಿದಲ್ಲ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಇಲ್ಲಿ ಒಂದು ಮಾತನ್ನು ನನ್ನ ಪರವಾಗಿ ಹೇಳಿಕೊಳ್ಳಬೇಕು. ನಮ್ಮ ಹಳ್ಳಿಯ ಕಡೆ ಜಾತಕವೆಂಬುದೇ ಇರಲಿಲ್ಲ. ಹೆಸರುಬಲ ನೋಡಿ ಮದುವೆ ಮಾಡುತ್ತಿದ್ದರು. ಜಾತಕವನ್ನು ಹಿಂತಿರುಗಿಸಿದರೆ ಸಂಬಂಧ ಬೇಡವೆಂದು ಅರ್ಥವೆಂಬುದು ಪಟ್ಟಣದ ರಿವಾಜು. ಮೂವತ್ತು ವರ್ಷ ಪಟ್ಟಣದಲ್ಲಿದ್ದೂ ಅದು ನನಗೆ ತಿಳಿದಿರಲಿಲ್ಲ. ಜಾತಕದ ವಿಷಯ ಎತ್ತಿದವರೊಡನೆ ನಾನು ಮೂವತ್ತು ವರ್ಷವೂ ವಾದ ಮಾಡಿದ್ದೆನೇ ಹೊರತು ಒಮ್ಮೆಯೂ ಅವರ ಮಾತನ್ನು ಕೇಳಿರಲಿಲ್ಲ.

ಶೇಕದಾರರು ಚಾಮರಾಜಪುರಂ ಮನೆಯ ಪಡಸಾಲೆಯಲ್ಲಿ, ದೊಡ್ಡ ಗೋಡೆ ಗಡಿಯಾರದ ಕೆಳಗೆ ಕುಳಿತು ತಾಂಬೂಲ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು, "ಬನ್ನಿ ಬನ್ನಿ, ಶುಕ್ರವಾರ ಅಂದಿದ್ರಲ್ಲ" ಎಂದು ಸಂತೋಷದಿಂದ ಡಬರಿಯನ್ನು ತೆಗೆದುಕೊಂಡರು. ಮುಚ್ಚಳ ತೆಗೆದರು. ಜಾತಕವನ್ನು ಬಿಚ್ಚಿ, ಹಿಂದೆ ಮುಂದೆ ತಿರುಗಿಸಿ, ಮಡಿಸಿದರು. ಮೂವತ್ತೈದು ವರ್ಷ ಕಚೇರಿಯ ಕಾಗದಗಳೊಡನೆ ಬಾಳಿದವರು. ಅವರ ಮುಖ ಕಚೇರಿಯ ಮುಖವಾಯಿತು.

"ವಾಪಸ್ ಬಂದ ಕಾಗದದ ಮೇಲೆ ಷರಾ ಇರ್ಬೇಕಲ್ಲ ಗೌಡ್ರೇ. ಕಾರಣ ಏನು ಅಂತ ನಮೂದಿಸ್ಬೇಕು."

ಕಾರಣ ಕೇಳುವ ಮನುಷ್ಯನನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ಜಾತಕಗಳ ಬಗ್ಗೆ ನನ್ನ ಬಹುಕಾಲದ ಸಂದೇಹವನ್ನು ಅವರ ಮುಂದಿಟ್ಟೆ.

"ನಿಜ ಹೇಳ್ಬೇಕು ಅಂದ್ರೆ ಶೇಕದಾರ್ರೇ, ಇದರಲ್ಲಿ ಬರೆದಿರೋ ಹುಟ್ಟಿದ ವೇಳೆ ಮೇಲೇ ನನಗೆ ಅನುಮಾನ."

"ನಮ್ಮ ಹುಡುಗ ಹುಟ್ಟಿದ್ರ ಮೇಲೆ?"

"ವೇಳೆ ಮೇಲೆ. ಯಾವ ಗಡಿಯಾರ ನೋಡಿ ಬರೆದಿರಿ?"

ಅವರು ತಲೆಯ ಮೇಲಿನ ಗಡಿಯಾರವನ್ನು ತೋರಿಸಿದರು. ನಾನು ನನ್ನ ಜೇಬಿನ ಗಡಿಯಾರವನ್ನು ತೆಗೆದು ಎರಡನ್ನೂ ಹೋಲಿಸಿ, "ನೋಡಿ, ಹನ್ನೊಂದು ನಿಮಿಷ ಹಿಂದಿದೆ. ಇಂಥ ಗಡಿಯಾರ ನಂಬಿ ಯಾರಾದ್ರೂ ಹೆಣ್ಣು ಕೊಡ್ತಾರಾ?" ಎಂದು ನಕ್ಕೆ.

ಇಬ್ಬರು ನಗಬೇಕಾದ ಕಡೆ ನಾನೊಬ್ಬನೇ ನಕ್ಕೆನೆಂಬುದು ಬೀದಿಗೆ ಬಂದ ಮೇಲೆ ಹೊಳೆಯಿತು. ಶೇಕದಾರರಿಗೆ ವಯಸ್ಸಾಗಿದೆ, ಮಂದಗಿವಿಯಿರಬೇಕೆಂದುಕೊಂಡೆ.

ಮಧ್ಯಾಹ್ನ ಮನೆಗೆ ಬಂದಾಗ ಇನ್ನೊಂದು ಆಶ್ಚರ್ಯ ಕಾದಿತ್ತು. ಜಗಲಿಯ ಮೇಲೆ ನಮ್ಮ ರುಬ್ಬುವ ಗುಂಡು, ಚಕ್ಕುಲಿ ಒರಳು, ಎರಡು ಚಾಪೆ, ಒಂದು ಪಾವು, ಒಂದು ಕೊಳಗ. ನಾವು ಇವನ್ನೆಲ್ಲ ಯಾರಿಗೋ ಯಾವಾಗಲೋ ಕೊಟ್ಟು ಮರೆತಿದ್ದೆವು. ನಾನು ನೋಡುತ್ತಿದ್ದಂತೆಯೇ ಮೂಲೆಮನೆಯವರು ಬಂದು, ತಮ್ಮ ಗೃಹಪ್ರವೇಶಕ್ಕೆ ನಾನು ಉಡುಗೊರೆ ಕೊಟ್ಟಿದ್ದ ಮೇಜಿನ ಗಡಿಯಾರವನ್ನು ಇಟ್ಟು ಮಾತಿಲ್ಲದೆ ಹೋದರು. ಕೊನೆಯ ಮನೆಯವರು ನಮ್ಮ ತೊಟ್ಟಿಲನ್ನು ತಂದಿಟ್ಟರು. ಅದು ಇನ್ನೂ ಬೆಚ್ಚಗಿತ್ತು.

ಇಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ಪರಮಾನಂದವಾಯಿತು. ಕೋಷ್ಟಕದಲ್ಲಿ 'ಬ್ರಿಂಗ್ ಬ್ಯಾಕ್' ಎಂಬ ಕಾಲಂ ಆರು ತಿಂಗಳಿಂದ ಖಾಲಿಯಿತ್ತು. ಅದು ಅರ್ಧ ಗಂಟೆಯಲ್ಲಿ ತಾನಾಗಿ ತುಂಬಿತು. ಬಂದವರಿಗೆಲ್ಲ "ಬಹಳ ಉಪಕಾರವಾಯ್ತು" ಎಂದು ಕೈ ಮುಗಿದು ಬರೆದುಕೊಂಡೆ. ಕೊನೆಗೆ ಗೌರಮ್ಮನವರು ಒಂದು ಕರಿಬೇವಿನ ಗಿಡವನ್ನು ಬೇರು ಮಣ್ಣಿನ ಸಮೇತ ಹೊತ್ತು ತಂದರು. ಎದೆಮಟ್ಟದ ಗಿಡ.

"ಮೂರು ವರ್ಷದ ಕೆಳಗೆ ನಿಮ್ಮನೆ ಗಿಡದಿಂದ ಮರಿ ಕೊಟ್ಟಿದ್ರಿ. ಇಟ್ಕೊಳ್ಳಿ. ನಮಗೂ ಯಾರ ಹಂಗೂ ಬ್ಯಾಡ."

ಆಗ ಮೊದಲ ಬಾರಿಗೆ ನನಗೆ ಏನೋ ಸರಿಯಿಲ್ಲವೆನ್ನಿಸಿತು. ಅಷ್ಟರಲ್ಲಿ ಅಪರಿಚಿತ ಗೃಹಸ್ಥರೊಬ್ಬರು ಹೆಂಡತಿಯೊಡನೆ ಅಂಗಳಕ್ಕೆ ಬಂದು, ನಮ್ಮ ಮನೆಯ ಕಿಟಕಿಗಳನ್ನು ಎಣಿಸಿ, "ಯಾವತ್ತು ಖಾಲಿ ಮಾಡ್ತೀರಿ?" ಎಂದು ಕೇಳಿದರು. ವಠಾರದ ಜನ ಎಲ್ಲವನ್ನೂ ಒಂದೇ ದಿನ ಹಿಂತಿರುಗಿಸುವುದು ಎರಡೇ ಸಂದರ್ಭಗಳಲ್ಲಂತೆ. ಒಂದು, ಮನೆ ಬಿಟ್ಟು ಹೋಗುವಾಗ. ಇನ್ನೊಂದು, ಮಾತು ಬಿಟ್ಟಾಗ. ನಾನು ಯಾವುದನ್ನು ಬಿಟ್ಟಿದ್ದೇನೆಂಬ ವಿಷಯದಲ್ಲಿ ವಠಾರದಲ್ಲಿ ಎರಡು ಪಕ್ಷಗಳಾಗಿದ್ದವು.

ಸಂಜೆ ಸರೋಜ ಬಂದಳು. ತೊಟ್ಟಿಲು, ಗುಂಡು, ಗಿಡಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದಳು. ಒಳಗಿನಿಂದ ಅವಳ ಧ್ವನಿ ಬಂತು.

"ಅಪ್ಪ, ದೇವರ ಪಟದ ಹಿಂದೆ ಇದ್ದ ಜಾತಕ ಎಲ್ಲಿ?"

"ಕೊಟ್ಟುಬಂದೆ ಕಣಮ್ಮ."

"ಯಾರಿಗೆ?"

"ಅವರಿಗೇ. ಅವರದೇ ಅಲ್ವಾ?"

ಅವಳು ಹೊರಗೆ ಬಂದು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು. "ಯಾಕಪ್ಪ ಕೊಟ್ರಿ?"

"ಕೋಷ್ಟಕಕ್ಕೆ ಒಂದು ನಾಮಪದ ಬೇಕಾಗಿತ್ತಮ್ಮ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಜಾತಕ ಹಿಂತಿರುಗಿಸಿದರೆ ಏನರ್ಥವೆಂಬುದನ್ನು ಮಗುವಿಗೆ ಲೆಕ್ಕ ಹೇಳಿಕೊಡುವಂತೆ ಮೆಲ್ಲಗೆ ವಿವರಿಸಿದಳು. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಹಾಡು ಕೇಳಿಸಲಿಲ್ಲ. ಅಂದು ಊಟಕ್ಕೆ ಕುಳಿತಾಗ ಸಾರು ಬಡಿಸಲು ಸೌಟೂ ಇರಲಿಲ್ಲ. ಅವಳು ಲೋಟದಲ್ಲಿ ಮೊಗೆದು ನನಗೆ ಹಾಕಿ, ತಾನು ಹಸಿವಿಲ್ಲವೆಂದಳು. ಬುಧವಾರವೂ ಹಸಿವಿಲ್ಲವೆಂದಳು.

ಗುರುವಾರ ಮಧ್ಯಾಹ್ನ ಪುಟ್ಟಮ್ಮ ಬಂದಳು. ಗಲ್ಲಿಯ ತುದಿಯಲ್ಲಿ ಹೂ ಮಾರುವವಳು "ಅಕ್ಕ, ಯಾವ್ ಕಡೆ ಮನೆ ಮಾಡಿದ್ದೀರಿ?" ಎಂದು ಕೇಳಿದ್ದರಿಂದ ಅರ್ಧ ವಿಷಯ ಅವಳಿಗೆ ಅಲ್ಲೇ ತಿಳಿದಿತ್ತು. ಉಳಿದರ್ಧವನ್ನು ನಾನು ಕೋಷ್ಟಕದ ಸಹಾಯದಿಂದ ತಿಳಿಸಿದೆ. ಅವಳು ಗಂಟನ್ನು ಕೆಳಗಿಡದೆ ಪೂರ್ತಿ ಕೇಳಿದಳು.

"ಮೂರು ದಿನ ಬುಟ್ಟೋದ್ರೆ ಮೂವತ್ತು ವರ್ಷದ್ದನ್ನ ತೊಳೆದ್ಬುಟ್ರಲ್ರೀ."

"ಅವರವರದ್ದು ಅವರಿಗೆ ಕೊಡೋದು ತಪ್ಪಾ?"

"ಸೌಟು ನಮ್ಮತ್ರ ಇಲ್ಲದೆ ಇದ್ರೆ ಅಂಗಡೀಲಿ ಸಿಗ್ತಿರಲಿಲ್ವಾ? ಅದು ಇಲ್ಲಿತ್ತು ಅಂತ ಗೌರಮ್ಮ ದಿನಾ ಬಂದು ಒಂದು ಗಳಿಗೆ ಕೂತ್ಕೊಂಡು ಹೋಗ್ತಿದ್ರು. ಸರೋಜನ ಬಾಣಂತನ ಕಾಲಕ್ಕೆ ನಾಲ್ಕು ಜನ ಬ್ಯಾಡ್ವಾ ನಮಗೆ? ಬಾಣಂತನ ಇರ್ಲಿ, ಮದುವೇನೇ ಇಲ್ದಂಗ್ ಮಾಡಿದ್ದೀರಿ."

ಅವಳು ಒಳಗೆ ಹೋಗಿ ಸರೋಜಳ ಮುಖ ನೋಡಿಕೊಂಡು ಹೊರಗೆ ಬಂದಳು. ಕೈಯಲ್ಲಿ ಒಂದು ಚಿಕ್ಕ ಬಟ್ಟಲಿತ್ತು.

"ನೀವೇ ಹೋಗಿ. ಮೊದಲು ವಠಾರದಲ್ಲಿ ಒಂದೊಂದು ಮನೇಲಿ ಒಂದೊಂದು ಕೇಳ್ಕೊಂಡು ಬನ್ನಿ. ಆಮೇಲೆ ಚಾಮರಾಜಪುರಂಗೆ ಹೋಗಿ ಹೆಪ್ಪು ಕೇಳಿ."

"ಜಾತಕ ಕೇಳ್ಬೇಕಲ್ವಾ?"

"ಜಾತಕದ ಮಾತೆತ್ತಿದ್ರೆ ಮತ್ತೆ ಗಡಿಯಾರ ತೆಗೀತೀರಿ. ಹಾಲಿಗೆ ಹೆಪ್ಪು ಬೇಕು ಅಂತ ಅಷ್ಟೇ ಕೇಳಿ. ಮುರ್ಕೊಂಡ ಮನೆಗೆ ಯಾರೂ ಹೆಪ್ಪಿಗೆ ಹೋಗಲ್ಲ. ಲಕ್ಷ್ಮಮ್ಮಂಗೆ ಗೊತ್ತಾಯ್ತದೆ. ದೀಪ ಹಚ್ಚೋದ್ರೊಳಗೆ ಹೋಗ್ಬೇಕು. ದೀಪ ಹಚ್ಚಿದ್ಮೇಲೆ ಹೆಪ್ಪು ಕೊಡಲ್ಲ."

ಕೇಳಿ ತೆಗೆದುಕೊಂಡು ಬರುವ ಕೆಲಸವನ್ನು ನಾನು ಎಂದೂ ಮಾಡಿದವನಲ್ಲ. ಗ್ರಾಮರ್ ಪುಸ್ತಕವೊಂದು ಹೊರತು. ಅದನ್ನು ಅಧ್ಯಯನಕ್ಕಾಗಿ ಪಡೆದದ್ದು. ಈಗ ಬಾಗಿಲಿಂದ ಬಾಗಿಲಿಗೆ ಹೋದೆ. ಮೂಲೆಮನೆಯಲ್ಲಿ ಜರಡಿ ಬೇಡಿದೆ. ಕೊನೆಯ ಮನೆಗೆ ತೊಟ್ಟಿಲನ್ನು ಹೊತ್ತುಕೊಂಡು ಹೋಗಿ ಏಣಿ ಬೇಡಿದೆ. ಗೌರಮ್ಮನವರು ಸೌಟನ್ನು ಕೈಗೆ ಕೊಡುವ ಮೊದಲು, "ಇಂಗ್ಲಿಷ್‌ನಲ್ಲಿ ಏನೂ ಅನ್ನಲ್ಲ ತಾನೆ?" ಎಂದು ಕೇಳಿದರು. ಕೊಟ್ಟ ಮೇಲೆ ನಾನು ಅಲ್ಲೇ ನಿಂತಿದ್ದೆ. ಕೇಳಿ ಪಡೆದ ಮೇಲೆ ಏನು ಮಾತನಾಡಬೇಕೆಂದು ನನಗೆ ತಿಳಿದಿರಲಿಲ್ಲ. ಕೊನೆಗೆ, "ನಿಮ್ಮ ಕರಿಬೇವಿನ ಗಿಡ ನಾನೇ ನೆಟ್ಟುಕೊಡ್ತೀನಮ್ಮ" ಎಂದೆ. "ಸಂಜೆ ನೀರೂ ಹಾಕಿ" ಎಂದರು.

ಮೇಷ್ಟ್ರು ಮಾತ್ರ ನಾನು ಬಾಯಿ ತೆರೆಯುವ ಮೊದಲೇ ಗ್ರಾಮರ್ ಪುಸ್ತಕವನ್ನು ನನ್ನ ಕಂಕುಳಿಗೆ ತುರುಕಿ ಹೇಳಿದರು: "ಮೂರು ದಿನದಿಂದ ಮನೇಲಿ ಇದನ್ನ ನೋಡಿ ನೋಡಿ ಊಟ ಸೇರ್ತಿಲ್ಲ. ಇಟ್ಕೊಳ್ಳಿ ಮಾರಾಯ್ರೆ."

ಚಾಮರಾಜಪುರಂ ಮುಟ್ಟುವ ವೇಳೆಗೆ ಹೊತ್ತು ಮುಳುಗುತ್ತಿತ್ತು. ಶೇಕದಾರರು ಅದೇ ಗಡಿಯಾರದ ಕೆಳಗೆ ಕುಳಿತಿದ್ದರು. ಈ ಸಲ ಏಳಲಿಲ್ಲ. ನಾನು ಬಟ್ಟಲನ್ನು ಮುಂದೆ ಚಾಚಿದೆ.

"ಸ್ವಲ್ಪ ಹೆಪ್ಪು ಬೇಕಾಗಿತ್ತು."

"ಅಗ್ರಹಾರದಿಂದ ಇಲ್ಲಿಗೆ ಬರೋ ದಾರೀಲಿ ಎಲ್ಲೂ ಮೊಸರು ಸಿಗ್ಲಿಲ್ವೆ?"

"ಸಿಕ್ತಿತ್ತು. ನಿಮ್ಮ ಮನೇದೇ ಬೇಕು ಅಂದ್ಲು."

"ನಮ್ಮ ಮನೆ ಮೊಸರು ಯಾವ ಗಡಿಯಾರ ನೋಡಿ ಹೆಪ್ಪಾಕಿದ್ದೋ ಏನೋ. ನಿಮಗೆ ಅನುಮಾನ ಬರಲ್ವೆ?"

ಇದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರಗಳು ಮೂರಿದ್ದವು. ಜೀವನದಲ್ಲಿ ಮೊದಲ ಬಾರಿಗೆ ಒಂದನ್ನೂ ಹೇಳಲಿಲ್ಲ. ಬಟ್ಟಲನ್ನು ಇನ್ನಷ್ಟು ಮುಂದೆ ಚಾಚಿದೆ. ಒಳಬಾಗಿಲಲ್ಲಿ ಲಕ್ಷ್ಮಮ್ಮನವರು ಬೆಂಕಿಪೊಟ್ಟಣ ಹಿಡಿದು ನಿಂತಿದ್ದರು. ದೇವರ ಮುಂದಿನ ದೀಪ ಇನ್ನೂ ಹತ್ತಿರಲಿಲ್ಲ. ಕಡ್ಡಿಯನ್ನು ಹೊರಗೆ ತೆಗೆದವರು ನನ್ನನ್ನೂ ಬಟ್ಟಲನ್ನೂ ನೋಡಿ, ಅದನ್ನು ಮತ್ತೆ ಪೊಟ್ಟಣದೊಳಗೆ ಸೇರಿಸಿದರು.

"ಹುಡುಗಿ ಹೆಂಗವಳೆ?"

"ಎರಡು ದಿನದಿಂದ ಸರಿಯಾಗಿ ಉಂಡಿಲ್ಲಮ್ಮ. ಅವಳದೇನೂ ತಪ್ಪಿಲ್ಲ. ಜಾತಕ ಕೊಟ್ರೆ ಹಿಂಗೆ ಅಂತ ನನಗೆ ಗೊತ್ತಿರಲಿಲ್ಲ."

"ಗೊತ್ತಿರ್ಲಿಲ್ವೆ?" ಎಂದರು ಶೇಕದಾರರು.

"ಗೊತ್ತಿರ್ಲಿಲ್ಲ." ಈ ಶಬ್ದ ನನ್ನ ಬಾಯಿಂದ ಎರಡು ಸಲ ಬಂದದ್ದನ್ನು ಪುಟ್ಟಮ್ಮ ಕೇಳಬೇಕಾಗಿತ್ತು.

"ನಮ್ಮ ಹುಡುಗನೂ ಮೊನ್ನೆಯಿಂದ ಮಾತಾಡಿಲ್ಲ" ಎನ್ನುತ್ತ ಲಕ್ಷ್ಮಮ್ಮನವರು ಒಳಗೆ ಹೋದರು. ಹೊರಗೆ ಬಂದಾಗ ಅವರ ಕೈಯಲ್ಲಿದ್ದದ್ದು ನನ್ನ ಬಟ್ಟಲಲ್ಲ, ಅದೇ ಹಿತ್ತಾಳೆ ಡಬರಿ. ಅದರ ತುಂಬ ಮೊಸರು. "ಡಬರಿ ನಿಧಾನಕ್ಕೆ ಕಳಿಸಿ ಅಂತ ಹೇಳಿ ಪುಟ್ಟಮ್ಮಂಗೆ. ಆತುರ ಇಲ್ಲ" ಎಂದು ನನ್ನ ಕೈಗಿತ್ತು, ಹೋಗಿ ದೀಪ ಹಚ್ಚಿದರು.

ಶೇಕದಾರರು ಜಾತಕವನ್ನು ತಂದರು. ಅದಕ್ಕೊಂದು ಚೀಟಿ ಅಂಟಿಸಿ, 'ಮರುಪರಿಶೀಲನೆಗಾಗಿ ರವಾನಿಸಿದೆ' ಎಂದು ಷರಾ ಬರೆದು, ಸಹಿ ಹಾಕಿ ನನ್ನ ಜೇಬಿಗಿಟ್ಟರು. ಆಮೇಲೆ ಸ್ಟೂಲಿನ ಮೇಲೆ ಹತ್ತಿ ಗೋಡೆ ಗಡಿಯಾರವನ್ನು ಇಳಿಸಿ ನನ್ನ ಇನ್ನೊಂದು ಕೈಗೆ ಕೊಟ್ಟರು. "ಹನ್ನೊಂದು ನಿಮಿಷ ಅಂದ್ರಲ್ಲ, ಸರಿ ಮಾಡ್ಕೊಡಿ."

ಒಂದು ಕೈಯಲ್ಲಿ ಮೊಸರು, ಇನ್ನೊಂದರಲ್ಲಿ ಗಡಿಯಾರ ಹಿಡಿದು ಅಗ್ರಹಾರದವರೆಗೆ ನಡೆದೆ. ಪ್ರತಿ ಹೆಜ್ಜೆಗೂ ಗಡಿಯಾರ ಅಲುಗಾಡಿ ಗಂಟೆ ಹೊಡೆಯುತ್ತಿತ್ತು. ದಾರಿಯ ಜನ ನಿಂತು ಎಣಿಸುತ್ತಿದ್ದರು. ಮನೆ ಮುಟ್ಟುವಷ್ಟರಲ್ಲಿ ಸುಮಾರು ನೂರ ನಲವತ್ತು ಗಂಟೆಯಾಗಿತ್ತು. ಸರೋಜ ಬಾಗಿಲಲ್ಲೇ ನಿಂತಿದ್ದಳು. ಡಬರಿಯನ್ನು ನೋಡಿದಳು, ಮೊಸರನ್ನು ನೋಡಿದಳು. ಅನ್ನಕ್ಕೆ ಅದೇ ಮೊಸರು ಹಾಕಿಕೊಂಡು ಎರಡು ಸಲ ಉಂಡಳು. ಪುಟ್ಟಮ್ಮ ಹೆಪ್ಪಿಗೆಂದು ಒಂದು ಚಮಚ ಎತ್ತಿಟ್ಟಳು.

ಮರುದಿನ ಹೂವು ಹಣ್ಣುಗಳೊಡನೆ ಹೋಗಿ ಒಪ್ಪಿಗೆ ಹೇಳಿ ಬಂದೆವು. ಮಾಘದಲ್ಲಿ ಮದುವೆಯಾಯಿತು. ಇಡೀ ವಠಾರ ಬಂದು ಬಡಿಸಿತು. ಸೌಟುಗಳಿಗೆ ಬರವಿರಲಿಲ್ಲ.

ಗಡಿಯಾರದ ವಿಷಯ ಹೇಳಿಬಿಡುತ್ತೇನೆ. ಮುಚ್ಚಳ ಬಿಚ್ಚಿ ಎರಡು ದಿನ ನೋಡಿದೆ. ಯಾವ ದೋಷವೂ ಸಿಗಲಿಲ್ಲ. ಕೊನೆಗೆ ರೈಲ್ವೆ ಸ್ಟೇಷನ್ನಿಗೆ ಹೋಗಿ ಅಲ್ಲಿಯ ಗಡಿಯಾರದೊಡನೆ ನನ್ನ ಜೇಬಿನ ಗಡಿಯಾರವನ್ನು ಹೋಲಿಸಿದೆ. ಶೇಕದಾರರದು ಸರಿಯಾಗಿತ್ತು. ನನ್ನ ಜೇಬಿನದು ಹನ್ನೊಂದು ನಿಮಿಷ ಮುಂದಿತ್ತು. ಎಂದಿನಿಂದಲೋ ತಿಳಿಯದು. ಅಗ್ರಹಾರದ ಗಡಿಯಾರಗಳಿಗೆಲ್ಲ ನಾನು ಅದನ್ನು ನೋಡಿಯೇ ಮುಳ್ಳು ತಿರುಗಿಸುತ್ತಿದ್ದೆ. ನಮ್ಮ ಅಗ್ರಹಾರದವರು ಎಲ್ಲಿಗೂ ತಡವಾಗಿ ಬರುವುದಿಲ್ಲವೆಂದು ಜನ ಹೊಗಳುತ್ತಿದ್ದುದರ ಒಳಗುಟ್ಟು ಇದೇ ಇರಬೇಕು. ಬೀಗರಿಗೆ "ರಿಪೇರಿ ಆಯ್ತು" ಎಂದಷ್ಟೇ ಹೇಳಿದೆ.

ಇನ್ನು ನನ್ನ ಗ್ರಂಥ. ಮದುವೆಯ ಗಲಾಟೆ ಮುಗಿದ ಮೇಲೆ ಮೇಷ್ಟ್ರು "ನಿಧಾನವಾಗಿ ಓದಿ ಕೊಡ್ತೀನಿ" ಎಂದು ಹದಿನಾಲ್ಕು ಹಾಳೆಗಳನ್ನೂ ತೆಗೆದುಕೊಂಡು ಹೋದರು. ನಾಲ್ಕು ವರ್ಷವಾಯಿತು. ನಾನು ಕೇಳಿಲ್ಲ, ಕೇಳಿದರೆ ಮಾತು ಬಿಟ್ಟೆನೆಂದುಕೊಂಡಾರು. ಹೋದ ಕ್ರಿಸ್ಮಸ್ಸಿನಲ್ಲಿ ಅವರ ಮನೆಯಿಂದ ಒಂದು ತಟ್ಟೆ ತುಂಬ ಕರಿದ ಸಿಹಿ ಬಂತು. ತಿಂದು ಮುಗಿಸಿದಾಗ, ಎಣ್ಣೆ ಹೀರಲೆಂದು ತಳಕ್ಕೆ ಹಾಸಿದ್ದ ಕಾಗದದಲ್ಲಿ ನನ್ನ ಕೈಬರಹ ಕಂಡಿತು. ಕೋಷ್ಟಕದ ಒಂಬತ್ತನೆಯ ಹಾಳೆ. ಹಿಂದಿನ ವರ್ಷದ ತಟ್ಟೆಯಲ್ಲಿ ಯಾವ ಹಾಳೆಯಿತ್ತೋ ನೋಡಿರಲಿಲ್ಲ.

ಪುಟ್ಟಮ್ಮ ಅದನ್ನು ಮೂಸಿ ನೋಡಿ, "ಒಳ್ಳೇ ಕೆಲಸಕ್ಕೆ ಬಂತು" ಎಂದಳು. ನಾನು ವಾದಿಸಲಿಲ್ಲ. ತಟ್ಟೆಯನ್ನು ತೊಳೆದು, ಒಂದು ಹಿಡಿ ಸಕ್ಕರೆ ಹಾಕಿ, ಒಂದೂ ಇಂಗ್ಲಿಷ್ ಶಬ್ದವನ್ನಾಡದೆ ಪಕ್ಕದ ಮನೆಗೆ ಕೊಟ್ಟುಬಂದೆ. ಸಕ್ಕರೆಯ ಡಬ್ಬ ಎಲ್ಲಿರುತ್ತದೆಯೆಂಬುದು ಈಗ ನನಗೆ ಗೊತ್ತಿದೆ.